ನಾಯಿಗೆ ದಾನವೋ, ದಂಡವೋ?

ನಾಯಿ ಪಳಗಿಸುವ ಪುಸ್ತಕಗಳಿಗೂ ಸಾಹಿತ್ಯ ಪುರವಣಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವುಂಟು. ಅಮೆರಿಕದಲ್ಲಿ ಎರಡು ವರ್ಷಗಳ ಅಂತರದಲ್ಲಿ ಹೊರಬಂದ ಎರಡು ಕೃತಿಗಳು, ಕರೆನ್ ಪ್ರಯರ್ ಅವರ ‘ಡೋಂಟ್ ಷೂಟ್ ದಿ ಡಾಗ್’ (1984) ಹಾಗೂ ವಿಕಿ ಹರ್ನ್ ಅವರ ‘ಆಡಮ್ಸ್ ಟಾಸ್ಕ್’ (1986), ನಾಯಿಯ ನೆಪದಲ್ಲಿ ಹಳೆಯದೊಂದು ಪ್ರಶ್ನೆಯನ್ನು ಎತ್ತುತ್ತವೆ: ತನ್ನ ಅಧೀನದಲ್ಲಿರುವ ಜೀವವನ್ನು ದಂಡಿಸುವ ಅಧಿಕಾರ ಒಡೆಯನಿಗೆ ಎಲ್ಲಿಂದ ಬಂತು?

ಈ ವಿವಾದದ ಹಿನ್ನೆಲೆಯಲ್ಲಿ ನಿಂತಿರುವುದು ವಿಲಿಯಂ ಕೋಹ್ಲರ್ 1962ರಲ್ಲಿ ಪ್ರಕಟಿಸಿದ ಗ್ರಂಥ. ಡಿಸ್ನಿ ಚಿತ್ರಗಳಿಗೆ ಪ್ರಾಣಿಗಳನ್ನು ಪಳಗಿಸಿದ ಈತನದು ತಿಂಡಿಯ ಆಮಿಷವಿಲ್ಲದ ಮಾರ್ಗ. ಉದ್ದನೆಯ ಹಗ್ಗ, ಸರಪಣಿಯ ಕೊರಳಪಟ್ಟಿ. ತಪ್ಪಿದರೆ ಜಗ್ಗು, ಒಪ್ಪಿದರೆ ಶಹಬಾಸು. ತೋಟದಲ್ಲಿ ಗುಂಡಿ ತೋಡುವ ನಾಯಿಯ ಮೂತಿಯನ್ನು ಅದೇ ಗುಂಡಿಗೆ ನೀರು ತುಂಬಿ ಅದ್ದಬೇಕೆನ್ನುವವರೆಗೂ ಆತ ಹೋಗುತ್ತಾನೆ.

ಪ್ರಯರ್ ಪಾಠ ಕಲಿತದ್ದು ಹವಾಯಿಯ ಡಾಲ್ಫಿನ್‌ಗಳಿಂದ. ಈಜಿ ದೂರವಾಗಬಲ್ಲ ಪ್ರಾಣಿಯನ್ನು ಜಗ್ಗುವಂತಿಲ್ಲ, ಹೊಡೆಯುವಂತಿಲ್ಲ. ಸರಿಯಾದ ಕ್ಷಣಕ್ಕೆ ಸೀಟಿ, ಹಿಂದೆಯೇ ಮೀನು, ಅಷ್ಟೆ. ಶಿಕ್ಷೆ ಫಲಿಸುವುದು ಅಪರೂಪ, ಆದರೂ ಮನುಷ್ಯನಿಗೆ ಅದೇ ಪ್ರಿಯ ಎಂಬ ಆಕೆಯ ಅಭಿಪ್ರಾಯ ನಮ್ಮ ಮನೆಗಳಿಗೂ ಶಾಲೆಗಳಿಗೂ ತಟ್ಟುವಂಥದು. ಗದ್ಯ ತಿಳಿಯಾದುದು, ನಗೆಯುಳ್ಳದ್ದು. ಆದರೆ ಕೊಳೆಬಟ್ಟೆಯನ್ನು ಎಲ್ಲೆಂದರಲ್ಲಿ ಎಸೆಯುವ ಕೊಠಡಿಯ ಜೊತೆಗಾರನಿಗೂ ರಾತ್ರಿಯೆಲ್ಲ ಬೊಗಳುವ ನಾಯಿಗೂ ಒಂದೇ ಸೂತ್ರ ಹಚ್ಚುವಾಗ, ನಾಯಿಯೆಂಬ ಜೀವದ ಸ್ವಭಾವವೇನು ಎಂಬ ಕುತೂಹಲ ಹಿಂದೆ ಸರಿಯುತ್ತದೆ.

ಆ ಕುತೂಹಲವೇ ಹರ್ನ್ ಅವರ ಬಂಡವಾಳ. ಕವಯಿತ್ರಿಯಾದ ಆಕೆ ಕೋಹ್ಲರನ ಪಂಥದವರು. ಅವರ ದೃಷ್ಟಿಯಲ್ಲಿ ನಾಯಿ ಯಂತ್ರವಲ್ಲ, ತಪ್ಪು ಒಪ್ಪುಗಳನ್ನು ಬಲ್ಲ ಜೀವ. ಕಲಿಸುವುದೆಂದರೆ ಒಂದು ಭಾಷೆಯನ್ನು ಹಂಚಿಕೊಳ್ಳುವುದು. ಆಜ್ಞೆ ಮಾಡುವವನು ನಾಯಿಯ ಮಾತಿಗೂ ಕಿವಿಗೊಡಬೇಕು. ತಿದ್ದುವುದೂ ಗೌರವದ ಒಂದು ರೂಪವೇ. ಇಷ್ಟು ಗಂಭೀರವಾಗಿ ನಾಯಿಯನ್ನು ಕುರಿತು ಚಿಂತಿಸಿದ ಪುಸ್ತಕಗಳು ವಿರಳ.

ಆದರೂ ಇಲ್ಲಿಯೇ ನಮ್ಮ ಆಕ್ಷೇಪಣೆ. ‘ಗೌರವ’ವೆಂದು ಹೇಳುವವನು ಹಗ್ಗ ಹಿಡಿದವನು, ಕೊರಳು ಕೊಟ್ಟದ್ದು ಹೇಳಿಲ್ಲ. ಪರಿಣತರ ಕೈಯಲ್ಲಿ ತಕ್ಕ ಕ್ಷಣಕ್ಕೆ ಬಿದ್ದ ಒಂದು ಜಗ್ಗು, ಸಿಡುಕಿನ ಒಡೆಯನ ಕೈಯಲ್ಲಿ ಇಪ್ಪತ್ತಾಗುತ್ತದೆ. ಶೈಲಿಯ ಸೊಗಸು ಈ ಅಂತರವನ್ನು ಮರೆಸುತ್ತದೆ. ಪೋರ್ಚುಗಲ್ಲಿನಲ್ಲಿ 92 ಸಾಕುನಾಯಿಗಳನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟವಾದ ಅಧ್ಯಯನ, ದಂಡದಿಂದ ಕಲಿತವುಗಳಲ್ಲಿ ಕಳವಳದ ಲಕ್ಷಣಗಳು ಹೆಚ್ಚೆಂದು ಕಂಡಿತು. ಅದೇ ವರ್ಷ ಪ್ರಕಟವಾದ, 63 ನಾಯಿಗಳ ಬ್ರಿಟಿಷ್ ಅಧ್ಯಯನದಲ್ಲಿ, ಕರೆದಾಗ ಬಾರದ ನಾಯಿಗಳನ್ನು ತಿದ್ದಲು ವಿದ್ಯುತ್ ಕೊರಳಪಟ್ಟಿ ಬಹುಮಾನದ ಕ್ರಮಕ್ಕಿಂತ ಮೇಲಾಗಲಿಲ್ಲ. ನೋವು ಅನಿವಾರ್ಯವೆಂಬ ವಾದಕ್ಕೆ ಇದು ದೊಡ್ಡ ಪೆಟ್ಟು.

ಹಾಗೆಂದು ಹರ್ನ್ ಅವರ ಪ್ರಶ್ನೆ ಸುಳ್ಳಾಗುವುದಿಲ್ಲ. ಬಿಸ್ಕತ್ತು ಕೊಟ್ಟ ಮಾತ್ರಕ್ಕೆ ನಾಯಿಯನ್ನು ಅರಿತಂತಾಗದು. ನಾಯಿ ಸಾಕಿದವರು ಮೊದಲು ಪ್ರಯರ್ ಅವರನ್ನು ಓದಲಿ, ಕೈ ಹದಕ್ಕೆ ಬರಲಿ. ಆಮೇಲೆ ಹರ್ನ್ ಅವರನ್ನು ಓದಲಿ. ಆದರೆ ಅವರ ಕೈಯಿಂದ ಹಗ್ಗವನ್ನು ಮಾತ್ರ ತೆಗೆದುಕೊಳ್ಳದಿರಲಿ.