ಜೋನ್ಸ್ ಉಳಿದರು, ಬಾರ್ಕ್ಲಿ ಹೋದರು

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಮಾರ್ಚ್ ಎಂದರೆ ಲೆಕ್ಕಾಚಾರದ ತಿಂಗಳು. ಕರಾರು ಮುಗಿದವರು ಫ್ರೀ ಏಜೆಂಟ್‌ಗಳಾಗಿ ಬೇಕಾದ ತಂಡಕ್ಕೆ ಹೋಗಬಹುದು. ‘ನಮ್ಮವರನ್ನು ಬಿಡಬೇಡಿ’ ಎಂಬ ಕೂಗು ಊರೂರಲ್ಲೂ ಏಳುತ್ತದೆ. ಆದರೆ ಎನ್‌ಎಫ್‌ಎಲ್‌ನಲ್ಲಿ ಎಲ್ಲ ತಂಡಗಳ ಸಂಬಳಕ್ಕೂ ಒಂದೇ ಮಿತಿ. 2025ರಲ್ಲಿ ಅದು 27.92 ಕೋಟಿ ಡಾಲರ್. ಒಬ್ಬರಿಗೆ ಕೈಬಿಚ್ಚಿ ಕೊಟ್ಟರೆ ಇನ್ನೊಬ್ಬರ ಜಾಗಕ್ಕೆ ಕತ್ತರಿ ಬೀಳುತ್ತದೆ.

2023ರ ಮಾರ್ಚ್ 7ರಂದು ನ್ಯೂಯಾರ್ಕ್ ಜೈಂಟ್ಸ್ ತಂಡದ ಮುಂದೆ ಇಬ್ಬರಿದ್ದರು: ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕ್ ಡೇನಿಯಲ್ ಜೋನ್ಸ್, ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್ ಸೇಕ್ವಾನ್ ಬಾರ್ಕ್ಲಿ. ಆಟಗಾರನನ್ನು ಒಂದು ವರ್ಷ ಕಟ್ಟಿಹಾಕುವ ‘ಫ್ರಾಂಚೈಸ್ ಟ್ಯಾಗ್’ ಒಬ್ಬರಿಗಷ್ಟೇ ಹಾಕಬಹುದು. ಗಡುವು ಸಂಜೆ 4 ಗಂಟೆ. ಅದಕ್ಕೆ ಕೆಲವೇ ನಿಮಿಷ ಮೊದಲು ಜೋನ್ಸ್ ಜೊತೆ 4 ವರ್ಷ, 16 ಕೋಟಿ ಡಾಲರ್ ಕರಾರು ಕುದುರಿತು. ಟ್ಯಾಗ್ ಬಾರ್ಕ್ಲಿ ಪಾಲಿಗೆ ಬಂತು. ಅದೇ ಜನವರಿಯಲ್ಲಿ ಮಿನೆಸೋಟದಲ್ಲಿ ನಡೆದ ಪ್ಲೇಆಫ್‌ನಲ್ಲಿ ಜೋನ್ಸ್ 301 ಗಜ ಪಾಸ್ ಎಸೆದು, 78 ಗಜ ತಾವೇ ಓಡಿ ಗೆಲ್ಲಿಸಿದ್ದರು. ತಂಡ ದುಡ್ಡು ಸುರಿದದ್ದು ಆ ಒಳ್ಳೆಯ ವರ್ಷದ ಗುಂಗಿನಲ್ಲಿ ಎಂದು ನನ್ನ ಖಚಿತ ಅಭಿಪ್ರಾಯ. 2024ರ ನವೆಂಬರ್‌ನಲ್ಲಿ ಅದೇ ಜೈಂಟ್ಸ್ ಅವರನ್ನು ಬಿಡುಗಡೆ ಮಾಡಿತು.

ಅಷ್ಟರಲ್ಲಿ ಬಾರ್ಕ್ಲಿ ಎದುರಾಳಿ ಫಿಲಡೆಲ್ಫಿಯಾ ಈಗಲ್ಸ್ ಸೇರಿಯಾಗಿತ್ತು. 2024ರಲ್ಲಿ ಅವರು ಓಡಿದ್ದು 2,005 ಗಜ. ಜಾಕ್ಸನ್‌ವಿಲ್ ವಿರುದ್ಧದ ಆ ಒಂದು ನೆಗೆತವನ್ನು ಎಷ್ಟು ಸಲ ನೋಡಿದರೂ ನನಗೆ ತಣಿಯದು: ಚೆಂಡು ಹಿಡಿದು, ಒಬ್ಬನನ್ನು ತಪ್ಪಿಸಿ, ಗಿರ್ರನೆ ತಿರುಗಿ, ಬೆನ್ನು ಮುಂದಾಗಿರುವಾಗಲೇ ಮತ್ತೊಬ್ಬ ರಕ್ಷಕನ ತಲೆ ಮೇಲಿಂದ ಹಾರಿದರು! ನ್ಯೂಯಾರ್ಕ್ ಅಭಿಮಾನಿಗಳ ಹೊಟ್ಟೆ ಉರಿದದ್ದು ಸಹಜವೇ.

ಆದರೂ ಬಾರ್ಕ್ಲಿಯನ್ನು ಬಿಟ್ಟದ್ದೇ ತಪ್ಪು ಎನ್ನಲು ನಾನು ಒಪ್ಪುವುದಿಲ್ಲ. ಆ 2,005 ಗಜಕ್ಕೆ ದಾರಿ ತೆರೆದದ್ದು ಜೋರ್ಡನ್ ಮೈಲಾಟಾ, ಲೇನ್ ಜಾನ್ಸನ್ ಇದ್ದ ಮುಂಚೂಣಿ. ಜೈಂಟ್ಸ್‌ನ ಮುಂಚೂಣಿಯೋ, 2023ರ ಋತುವಿನಲ್ಲಿ 85 ಸ್ಯಾಕ್ (ಪಾಸ್ ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್ ನೆಲಕ್ಕುರುಳುವುದು) ಬಿಟ್ಟುಕೊಟ್ಟಿತ್ತು. ಆ ಗೋಡೆ ಸರಿಯಾಗುವ ತನಕ ಹಿಂದೆ ಯಾರು ನಿಂತರೂ ಫಲ ಅಷ್ಟಕ್ಕಷ್ಟೇ.

ತನ್ನ ಆಟಗಾರನ ಬಗ್ಗೆ ತಂಡಕ್ಕಿರುವ ದೊಡ್ಡ ಅನುಕೂಲ, ದಿನನಿತ್ಯದ ಅಭ್ಯಾಸ ಕಂಡಿರುವುದು. ಅದನ್ನು ಬಳಸಿಕೊಂಡದ್ದು ಈಗಲ್ಸ್. ಜಾಕ್ ಬಾನ್ 2024ರಲ್ಲಿ ಬರೀ 35 ಲಕ್ಷ ಡಾಲರ್‌ಗೆ ಬಂದವರು. ಅಂಚಿನಲ್ಲಿ ಆಡುತ್ತಿದ್ದವರನ್ನು ತರಬೇತುದಾರ ವಿಕ್ ಫ್ಯಾಂಜಿಯೊ ಒಳಗಿನ ಲೈನ್‌ಬ್ಯಾಕರ್ ಮಾಡಿದರು. ಬಾನ್ ಅದೇ ವರ್ಷ ಲೀಗ್‌ನ ಶ್ರೇಷ್ಠರ ಪಟ್ಟಿ ಸೇರಿ ಆಲ್‌-ಪ್ರೊ ಆದರು. 2025ರ ಮಾರ್ಚ್‌ನಲ್ಲಿ ಅವರಿಗೆ 3 ವರ್ಷಕ್ಕೆ 5.1 ಕೋಟಿ ಕೊಟ್ಟು ಉಳಿಸಿಕೊಂಡರು. ಆ ಜಾಗದಲ್ಲಿ ಅವರ ಬೆಲೆ ಏನೆಂದು ಈಗಲ್ಸ್‌ಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

ಅದೇ ತಿಂಗಳು ಈಗಲ್ಸ್‌ನ ಮಿಲ್ಟನ್ ವಿಲಿಯಮ್ಸ್ 4 ವರ್ಷ, 10.4 ಕೋಟಿಗೆ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಸೇರಿದರು. ಸೂಪರ್ ಬೌಲ್ ಗೆದ್ದ ರಕ್ಷಣಾ ಪಡೆಯ ಗಟ್ಟಿ ಆಳು ಅವರು; ಹೋದಾಗ ನನಗೂ ಬೇಸರವಾಯಿತು. ಆದರೆ ಜೇಲನ್ ಕಾರ್ಟರ್, ಜೋರ್ಡನ್ ಡೇವಿಸ್ ಅದೇ ಸಾಲಿನಲ್ಲಿದ್ದರು. ಅವರ ದೊಡ್ಡ ಕರಾರುಗಳಿಗೂ ಹಣ ಎತ್ತಿಡಬೇಕಿತ್ತು.