ಒಂದೇ ಬಗೆಯ ಮೊಟ್ಟೆ, ಎರಡು ಬದುಕು

ಅಘನಾಶಿನಿ ಕಡಲು ಸೇರುವ ತದಡಿಯಲ್ಲಿ ತೆಂಗಿನ ಹೊಂಬಾಳೆಗೂ ಕಾಂಡ್ಲಾ ಹೂವಿಗೂ ತುಡುವೆ ಜೇನು ಮುತ್ತುತ್ತದೆ. ಪೆಟ್ಟಿಗೆಯ ಎರಿ ಎತ್ತಿ ನೋಡಿ: ಕೆಳ ಅಂಚಿನಲ್ಲಿ ನೆಲಮುಖವಾಗಿ ಜೋತುಬಿದ್ದ ದಪ್ಪ ಕಣವೇ ರಾಣಿಯ ತೊಟ್ಟಿಲು. ಗೂಡಿನಲ್ಲಿ ಅದಕ್ಕಿಂತ ದೊಡ್ಡ ಕುಶಲ ಕೆಲಸ ನನಗೆ ಕಂಡಿಲ್ಲ.

ಅದರೊಳಗಿನ ಮೊಟ್ಟೆ ಪಕ್ಕದ ಆರುಮೂಲೆ ಕಣದ್ದರಂತೆಯೇ. ಬೇರೆಯಾಗುವುದು ಊಟ. ಮೊದಲ ಸುಮಾರು 3 ದಿನ ಎಲ್ಲ ಮರಿಗಳಿಗೂ ದಾದಿ ಜೇನುಗಳ ಗ್ರಂಥಿರಸ. ಆಮೇಲೆ ಕೆಲಸಗಾರ ಮರಿಗೆ ಪರಾಗ, ಜೇನು ಬೆರೆಸಿದ ಅಳತೆಯ ಊಟ; ರಾಣಿಮರಿಗೋ ರಾಜಶಾಹಿ ರಸದಲ್ಲೇ ತೇಲುವ ಭಾಗ್ಯ. ಆ ಸಮೃದ್ಧಿಗೆ ಮೈಯೊಳಗೆ ಜುವೆನೈಲ್ ಹಾರ್ಮೋನ್ ಏರುತ್ತದೆ, ಅಂಡಾಶಯ ಹಿಗ್ಗುತ್ತದೆ. ಹಾರ್ಮೋನ್ ತಗ್ಗಿದ ಮರಿಯಲ್ಲಿ ಹೆಚ್ಚಿನ ಅಂಡನಾಳಗಳು ಎಳೆಯದರಲ್ಲೇ ಅಳಿಯುತ್ತವೆ. ಹಿಂಗಾಲಿನಲ್ಲಿ ಪರಾಗದ ಬುಟ್ಟಿ ಮೂಡುತ್ತದೆ. ತಾಯ್ತನ ಹೋಯಿತು, ದುಡಿಮೆಯ ಸಲಕರಣೆ ಬಂತು!

2008ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಯುರೋಪಿನ ಜೇನುಮರಿಗಳಲ್ಲಿ ಡಿಎನ್‌ಎ ಮೇಲೆ ಮೀಥೈಲ್ ಗುರುತು ಹಾಕುವ ಕಿಣ್ವವನ್ನು ಕುಗ್ಗಿಸಿದಾಗ, ಹೆಚ್ಚಿನವು ಅಂಡಾಶಯ ಬೆಳೆದ ರಾಣಿಗಳಾದವು. ವಂಶವಾಹಿ ಅದೇ, ಓದುವ ಬಗೆ ಬೇರೆ.

ತುಡುವೆ ಸಾಕುವವರೇ, ಕಾರಣವಿಲ್ಲದೆ ರಾಣಿಕಣ ಚಿವುಟಬೇಡಿ.