ಲಿನಕ್ಸ್ ಆಟಗಳು: ಗೆಲುವು ಯಾರದು, ಪಾಲು ಯಾರಿಗೆ?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯವಿಲ್ಲದ ಕಂಪ್ಯೂಟರ್‌ಗಳು ಗಟ್ಟಿಮುಟ್ಟಾಗಿದ್ದರೂ ಹಳತಾದವು. ಗೋಕಾಕ ತಾಲ್ಲೂಕಿನ ಅಂಕಲಗಿಯಂಥ ಊರಿನಲ್ಲಿ, ಯಾವುದೋ ಕಚೇರಿ ಬಳಸಿ ಬಿಟ್ಟ ಯಂತ್ರವನ್ನು ಸೆಕೆಂಡ್ ಹ್ಯಾಂಡ್ ಕೊಂಡು ತಂದ ಮನೆಗೆ ಹೊಸದು ಕೊಳ್ಳುವುದು ಸುಲಭದ ಮಾತಲ್ಲ. ವಿಂಡೋಸ್ ಬದಲಿಗೆ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆ ಹಾಕಿಕೊಳ್ಳಿ ಎಂದರೆ ಕಾಲೇಜು ಹುಡುಗರು ಮೊದಲು ಕೇಳುವುದು ಇಷ್ಟೇ: ‘ಅದರಾಗ ಗೇಮ್ ಆಡಾಕ ಬರ್ತೈತೇನ್ರಿ?’

ಬರುತ್ತದೆ. ಹತ್ತು ವರ್ಷದ ಹಿಂದೆ ಈ ಉತ್ತರ ಕೊಡಲು ಆಗುತ್ತಿರಲಿಲ್ಲ. ಆದರೆ ಯಾವ ಆಟ, ಯಾವ ಯಂತ್ರದಲ್ಲಿ, ಯಾರ ಒಪ್ಪಿಗೆಯ ಮೇಲೆ ಎಂಬುದನ್ನೂ ಕೇಳದೆ ಹೊಗಳುವುದು ಸರಿಯಲ್ಲ.

ಈ ಬದಲಾವಣೆಯ ಬುಡದಲ್ಲಿರುವುದು ವೈನ್. 1993ರಲ್ಲಿ ಶುರುವಾದ ಈ ಮುಕ್ತ ತಂತ್ರಾಂಶದ 1.0 ಆವೃತ್ತಿ ಹೊರಬಂದದ್ದು 2008ರಲ್ಲಿ. ಹದಿನೈದು ವರ್ಷ ಅಲೆಕ್ಸಾಂಡರ್ ಜೂಲಿಯಾರ್ ಮತ್ತು ಅವರ ಜೊತೆಗಾರರು ಮಾಡಿದ್ದು ತಾಳ್ಮೆಯ ಕೂಲಿ. ವಿಂಡೋಸ್‌ಗಾಗಿ ಬರೆದ ತಂತ್ರಾಂಶ ‘ಕಡತ ತೆರೆ’, ‘ಕಿಟಕಿ ಬಿಡಿಸು’ ಎಂದು ಕೇಳಿದಾಗ ಮೈಕ್ರೋಸಾಫ್ಟ್‌ನ ಸಂಕೇತ ಕೊಡುವ ಉತ್ತರವನ್ನೇ ಕೊಡುವ ಹೊಸ ಸಂಕೇತವನ್ನು ಅವರು ಒಂದೊಂದಾಗಿ ಬರೆದರು. ಮೂಲವನ್ನು ನೋಡುವಂತಿರಲಿಲ್ಲ, ವರ್ತನೆಯನ್ನು ಪರೀಕ್ಷಿಸಿ ತಿಳಿಯಬೇಕಿತ್ತು. ನಮ್ಮ ಕಾಲದ ತಂತ್ರಾಂಶಗಳಲ್ಲಿ ಇಷ್ಟು ದೀರ್ಘವಾದ ಸಾಮೂಹಿಕ ಶ್ರಮ ಅಪರೂಪ.

ಆಟಗಳಿಗೆ ಅಷ್ಟು ಸಾಲಲಿಲ್ಲ, ಚಿತ್ರದ ವೇಗ ಬೇಕಿತ್ತು. ಫಿಲಿಪ್ ರೆಬೋಲೆ ಬರೆದ ಡಿಎಕ್ಸ್‌ವಿಕೆ ಆ ಕೊರತೆಯನ್ನು ತುಂಬಿತು. ವಿಂಡೋಸ್ ಆಟಗಳು ಡೈರೆಕ್ಟ್‌ಎಕ್ಸ್ ಮೂಲಕ ಕೊಡುವ ಚಿತ್ರದ ಆಜ್ಞೆಗಳನ್ನು ಅದು ವಲ್ಕನ್ ಎಂಬ ಮುಕ್ತ ಮಾನಕಕ್ಕೆ ಬದಲಿಸುತ್ತದೆ. ಮೆಸಾ ಯೋಜನೆಯ ಚಾಲಕಗಳು ಅವನ್ನು ಹಲವು ಗ್ರಾಫಿಕ್ಸ್ ಚಿಪ್‌ಗಳಿಗೆ ಮುಟ್ಟಿಸುತ್ತವೆ. ವಾಲ್ವ್ ಕಂಪನಿ ವೈನ್, ಡಿಎಕ್ಸ್‌ವಿಕೆಗಳನ್ನು ಸೇರಿಸಿ 2018ರ ಆಗಸ್ಟ್‌ನಲ್ಲಿ ‘ಪ್ರೋಟಾನ್’ ಎಂಬ ಹೆಸರಿನಲ್ಲಿ ತನ್ನ ಆಟಗಳ ಅಂಗಡಿ ಸ್ಟೀಮ್‌ನೊಳಗೆ ಇಟ್ಟಿತು. 2022ರಲ್ಲಿ ಬಂದ ಸ್ಟೀಮ್ ಡೆಕ್ ಕೈಯಂತ್ರ ಲಿನಕ್ಸ್ ಮೇಲೆಯೇ ನಡೆಯುತ್ತದೆ. ವಾಲ್ವ್ ಹಣ ಕೊಟ್ಟು ಮಾಡಿಸಿದ ಸುಧಾರಣೆಗಳು ಮೂಲ ಯೋಜನೆಗಳಿಗೂ ಮರಳಿದವು; ಸ್ಟೀಮ್‌ನ ಹೊರಗೆ ಲೂಟ್ರಿಸ್, ಹೀರೋಯಿಕ್‌ನಂಥ ಮುಕ್ತ ತಂತ್ರಾಂಶಗಳ ಮೂಲಕವೂ ಈಗ ಅದೇ ಫಲ ಸಿಗುತ್ತದೆ. ತಂತ್ರಜ್ಞಾನದ ಸಾಧನೆ ಎಂದು ನೋಡಿದರೆ ಪ್ರೋಟಾನ್‌ಗೆ ಪೂರ್ಣ ಅಂಕ ಕೊಡಲು ನನಗೆ ಹಿಂಜರಿಕೆಯಿಲ್ಲ.

ಅಂಕಲಗಿಯ ಮನೆಯ ಕಂಪ್ಯೂಟರ್ ಮುಂದೆ ಕೂತು ನೋಡಿದರೆ ಅಂಕ ಕಡಿಮೆಯಾಗುತ್ತದೆ. ಮೊದಲ ತೊಡಕು ಯಂತ್ರದ್ದು. 2022ರ ನವೆಂಬರ್‌ನಲ್ಲಿ ಬಂದ ಡಿಎಕ್ಸ್‌ವಿಕೆ 2.0 ವಲ್ಕನ್ 1.3 ಬೇಕೆನ್ನುತ್ತದೆ. 2015ಕ್ಕಿಂತ ಹಳೆಯ ಇಂಟೆಲ್ ಯಂತ್ರಗಳ ಒಳಗಿನ ಗ್ರಾಫಿಕ್ಸ್‌ಗೆ ವಲ್ಕನ್ ಪೂರ್ತಿಯಾಗಿ ಒಗ್ಗದು. ಅಂಥಲ್ಲಿ ವೈನ್‌ನ ಹಳೆಯ ಓಪನ್‌ಜಿಎಲ್ ದಾರಿ ಹಿಡಿಯಬೇಕು; ವೇಗ ಕುಸಿಯುತ್ತದೆ. ಹಳೆಯ ಕಂಪ್ಯೂಟರ್ ಉಳಿಸಲು ಲಿನಕ್ಸ್‌ಗೆ ಬಂದವರು ದೊಡ್ಡ ಆಟಗಳಿಗೆ ಬಂದಾಗ ಮತ್ತೆ ಹೊಸ ಯಂತ್ರದ ಬಾಗಿಲಲ್ಲೇ ನಿಲ್ಲುತ್ತಾರೆ. ಇದನ್ನು ಮುಚ್ಚಿಟ್ಟು ಲಿನಕ್ಸ್ ಪ್ರಚಾರ ಮಾಡುವುದು ಅನ್ಯಾಯ.

ಎರಡನೆಯದು ಅನುಮತಿಯದು. ಹಲವು ಆನ್‌ಲೈನ್ ಆಟಗಳು ಮೋಸ ತಡೆಯಲು ವ್ಯವಸ್ಥೆಯ ಆಳಕ್ಕೆ ಇಳಿಯುವ ಕಾವಲು ತಂತ್ರಾಂಶ ಇಟ್ಟುಕೊಂಡಿವೆ. ವ್ಯಾಲೊರಂಟ್ ಲಿನಕ್ಸ್‌ನಲ್ಲಿ ನಡೆಯುವುದಿಲ್ಲ. ಏಪೆಕ್ಸ್ ಲೆಜೆಂಡ್ಸ್ ನಡೆಯುತ್ತಿತ್ತು. 2024ರ ಕೊನೆಯಲ್ಲಿ ಕಂಪನಿ ಲಿನಕ್ಸ್ ಆಟಗಾರರನ್ನು ಹೊರಗಿಟ್ಟಿತು. ಸಂಕೇತ ಕೆಟ್ಟಿರಲಿಲ್ಲ, ಕಂಪನಿ ಒಪ್ಪಿಗೆ ಹಿಂತೆಗೆದುಕೊಂಡಿತು. ಈ ಅನುಭವ ನಮ್ಮ ಹುಡುಗರಿಗೆ ಹೊಸದಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಭಾರತದಲ್ಲಿ ಪಬ್‌ಜಿ ಮೊಬೈಲ್ ಆಟ ನಿಷೇಧವಾಯಿತು. ಬೇರೆ ಹೆಸರಿನಲ್ಲಿ ಬಂದ ಬಿಜಿಎಂಐ 2022ರಲ್ಲಿ ನಿಂತು 2023ರಲ್ಲಿ ಮರಳಿತು. ನಿಷೇಧ ಸರಿಯೋ ತಪ್ಪೋ ಬೇರೆ ಚರ್ಚೆ. ಆಡುವವನ ಕೈಯಲ್ಲಿ ಏನೂ ಉಳಿಯಲಿಲ್ಲ ಎಂಬುದು ಮಾತ್ರ ನಿಜ. ಪ್ರೋಟಾನ್ ದಾರಿಯನ್ನು ಮುಕ್ತ ಮಾಡಿದೆ; ದಾರಿಯ ಕೊನೆಗಿರುವ ಮನೆಯ ಬೀಗ ಕಂಪನಿಯ ಬಳಿಯೇ ಇದೆ.

ಹಾಗಾಗಿ ಲಿನಕ್ಸ್‌ನ ನಿಜವಾದ ಬೆಲೆಯನ್ನು ನಾನು ಪೂರ್ತಿ ಮುಕ್ತವಾದ ಆಟಗಳಲ್ಲಿ ಕಾಣುತ್ತೇನೆ. ಅವುಗಳಲ್ಲಿ ಎತ್ತರದ ಕೃತಿ ‘ಝೀರೋ ಎ.ಡಿ.’ ವೈಲ್ಡ್‌ಫೈರ್ ಗೇಮ್ಸ್ ಎಂಬ ಸ್ವಯಂಸೇವಕರ ಬಳಗ ಕಟ್ಟಿದ ಈ ಪ್ರಾಚೀನ ಯುದ್ಧದ ಆಟದ ಸಂಕೇತ 2009ರಿಂದ ಜಿಪಿಎಲ್ ಎಂಬ ಮುಕ್ತ ಪರವಾನಗಿಯಲ್ಲಿ ಎಲ್ಲರದು. ಇದರ ನಾಗರಿಕತೆಗಳಲ್ಲಿ ಮೌರ್ಯರೂ ಇದ್ದಾರೆ. ಚಂದ್ರಗುಪ್ತ, ಚಾಣಕ್ಯ, ಅಶೋಕ ನಾಯಕರು. ದುಡಿಯುವ ಆನೆ, ಕಾದುವ ಆನೆ ಎರಡೂ ಉಂಟು. ಅಶೋಕನ ಸ್ತಂಭವನ್ನೂ ನಿಲ್ಲಿಸಬಹುದು. ಮಸ್ಕಿ, ಬ್ರಹ್ಮಗಿರಿಗಳಲ್ಲಿ ಅಶೋಕನ ಶಾಸನ ಕಂಡ ನಾಡಿನವರಿಗೆ ಇದು ದೂರದ ಕಥೆಯಲ್ಲ. ಕಟ್ಟಡ, ಭೂದೃಶ್ಯ, ಸಂಗೀತ ಮೂರರಲ್ಲೂ ಶ್ರದ್ಧೆ ಎದ್ದು ಕಾಣುತ್ತದೆ. ಕುಂದುಗಳೂ ಇವೆ. ಎರಡೂ ಕಡೆಯ ಸೈನ್ಯ ದೊಡ್ಡದಾದಂತೆ ಆಟ ತಡವರಿಸುತ್ತದೆ, ಹಳೆಯ ಯಂತ್ರದಲ್ಲಿ ಇನ್ನಷ್ಟು. ಕಥೆ ಹೇಳಿ ಹಂತಹಂತವಾಗಿ ಕರೆದೊಯ್ಯುವ ಭಾಗ ಬಡವಾಗಿದೆ. ಆದರೆ ಪ್ರತಿ ಸೈನಿಕನ ಗುಣ, ಪ್ರತಿ ಕಟ್ಟಡದ ಬೆಲೆ ಓದಿ ತಿದ್ದಬಹುದಾದ ಸಾದಾ ಕಡತಗಳಲ್ಲಿದೆ. ಬಾದಾಮಿ ಚಾಲುಕ್ಯರ ಪಡೆಯನ್ನು ಸೇರಿಸಬೇಕೆಂದು ಒಬ್ಬ ವಿದ್ಯಾರ್ಥಿ ಹಟ ಹಿಡಿದರೆ ಯಾರ ಅಪ್ಪಣೆಯೂ ಬೇಕಿಲ್ಲ.

‘ಸೂಪರ್‌ಟಕ್ಸ್‌ಕಾರ್ಟ್’ ಓಟದ ಆಟ. ಒಂದೇ ಪರದೆಯನ್ನು ಹಂಚಿಕೊಂಡು ಗೆಳೆಯರು ಆಡಬಹುದು. ಶಾಲೆಯ ಲ್ಯಾಬ್‌ನಲ್ಲಿ ಅಂತರ್ಜಾಲವಿಲ್ಲದೆ ತಂತಿ ಜೋಡಣೆಯಲ್ಲೂ ಆಡಬಹುದು. ಚಿಕ್ಕ ಮಕ್ಕಳಿಗೆ ಎಣಿಕೆ, ಅಕ್ಷರ, ಮೌಸ್ ಹಿಡಿಯುವುದನ್ನು ಕಲಿಸುವ ನೂರಕ್ಕೂ ಹೆಚ್ಚು ಚಟುವಟಿಕೆಗಳ ‘ಜಿಕಾಂಪ್ರಿಸ್’ ಇದೆ. ಚಿತ್ರ ಬಿಡಿಸಲು ‘ಟಕ್ಸ್ ಪೇಂಟ್’. ದೊಡ್ಡ ವಾಣಿಜ್ಯ ಆಟ ಐವತ್ತು, ನೂರು ಜಿಬಿ ಕೇಳಿದರೆ ಇವು ಅದರ ಒಂದು ಸಣ್ಣ ಪಾಲಿನಲ್ಲಿ ಮುಗಿಯುತ್ತವೆ. ಒಬ್ಬರು ಇಳಿಸಿಕೊಂಡರೆ ಪೆನ್‌ಡ್ರೈವ್‌ನಲ್ಲಿ ಊರೆಲ್ಲ ಹಂಚಬಹುದು, ಕಾನೂನಿನ ಪ್ರಕಾರವೇ. ಬೆಳಗಾವಿಯಲ್ಲಿ ಓದಿದ ಅತುಲ್ ಚಿಟ್ನಿಸ್ 1996ರ ಹೊತ್ತಿಗೆ ‘ಪಿಸಿಕ್ವೆಸ್ಟ್’ ಪತ್ರಿಕೆಯ ಸಿಡಿಯಲ್ಲಿ ಲಿನಕ್ಸ್ ಹಂಚಲು ಮುಂದಾದದ್ದು ಇದೇ ಸ್ವಾತಂತ್ರ್ಯದ ಬಲದಿಂದ. ಮೊಬೈಲ್ ಡೇಟಾ ನಂಬಿ ಕೂತವರಿಗೆ ಆ ದಾರಿ ಈಗಲೂ ಕೆಲಸಕ್ಕೆ ಬರುತ್ತದೆ.

ನಮ್ಮ ಭಾಗದ ಬಯಲಾಟ ಶ್ರೀಕೃಷ್ಣ ಪಾರಿಜಾತ ಉಳಿದದ್ದೂ ಹೀಗೆ ಹಂಚಿಕೊಂಡು, ತಿದ್ದಿಕೊಂಡೇ. ಅಪರಾಳ ತಮ್ಮಣ್ಣನ ಕೃತಿಯನ್ನು ಕುಲಗೋಡ ತಮ್ಮಣ್ಣ ತಿದ್ದಿ ರಂಗಕ್ಕೆ ಒಗ್ಗಿಸಿದ. ಕೌಜಲಗಿ ನಿಂಗಮ್ಮ ಅದಕ್ಕೆ ತನ್ನ ಕಂಠದ ಮೆರುಗು ಕೊಟ್ಟಳು. ಮೇಳಗಳು ತಮ್ಮ ತಮ್ಮ ಮಾತು ಸೇರಿಸಿದವು. ಮೂಲದ ಮೇಲೆ ಒಬ್ಬನ ಬೀಗ ಬಿದ್ದಿದ್ದರೆ ಇಷ್ಟು ಮೇಳಗಳು ಹುಟ್ಟುತ್ತಿರಲಿಲ್ಲ. ಮುಕ್ತ ಆಟಗಳ ಶಕ್ತಿಯನ್ನು ಅಳೆಯಲು ಗೋಕಾಕ, ಮೂಡಲಗಿ ಸೀಮೆಯವರಿಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಬೇಡ.

ಈ ಆಟಗಳನ್ನು ಕನ್ನಡಕ್ಕೆ ತರುವುದರಲ್ಲಿ ಕೊರತೆ ಇರುವುದು ನಮ್ಮ ಕಡೆ. ಒತ್ತಕ್ಷರ, ಗುಣಿತಗಳನ್ನು ಸರಿಯಾಗಿ ಜೋಡಿಸುವ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ ಸಿದ್ಧವಿದೆ. ಸೂಪರ್‌ಟಕ್ಸ್‌ಕಾರ್ಟ್ ಅದನ್ನು ಬಳಸುತ್ತದೆ, ಆಟ ತಯಾರಿಸಲು ಬಳಸುವ ಗೊಡಾಟ್ 4 ಸಹ ಬಳಸುತ್ತದೆ. ಗುಬ್ಬಿ, ನವಿಲು, ಲೋಹಿತ್‌ನಂಥ ಮುಕ್ತ ಕನ್ನಡ ಅಕ್ಷರಶೈಲಿಗಳಿವೆ. ರಾಜ್ಯದ ಪ್ರೌಢಶಾಲಾ ಶಿಕ್ಷಕರು ಶಿಕ್ಷಣ ಸಂಶೋಧನೆ ಮತ್ತು ತರಬೇತಿಯ ಇಲಾಖೆ ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ ನಡೆಸಿದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಉಬುಂಟು ಎಂಬ ಲಿನಕ್ಸ್ ಬಳಸಿ ಪಾಠ ಕಟ್ಟಿದ್ದಾರೆ. ಅಕ್ಷರ ಇದೆ, ಯಂತ್ರ ಇದೆ, ಬಲ್ಲ ಶಿಕ್ಷಕರಿದ್ದಾರೆ. ಕೂತು ಕನ್ನಡಿಸುವ ಕೈಗಳು ಬೇಕು.

ನನ್ನ ತೀರ್ಮಾನ ಹೀಗಿದೆ. ಸ್ಪರ್ಧೆಯ ಆನ್‌ಲೈನ್ ಆಟವೇ ಬೇಕೆನ್ನುವವರು ಲಿನಕ್ಸ್‌ಗೆ ಬರುವ ಮುನ್ನ ತಮ್ಮ ಆಟ ಅಲ್ಲಿ ನಡೆಯುತ್ತದೆಯೇ ಎಂದು ವಿಚಾರಿಸಿಕೊಳ್ಳಲಿ. ಒಬ್ಬರೇ ಆಡುವ ವಿಂಡೋಸ್ ಆಟಗಳಿಗೆ, ಯಂತ್ರ ಸ್ವಲ್ಪ ಹೊಸದಾಗಿದ್ದರೆ, ಪ್ರೋಟಾನ್ ನಂಬಿಗಸ್ತ. ಹಳೆಯ ಯಂತ್ರವಿರುವ ಮನೆ ಮತ್ತು ಶಾಲೆಗಳಿಗೆ ಮುಕ್ತ ಆಟಗಳೇ ಯೋಗ್ಯ. ಶಿಕ್ಷಕರಲ್ಲಿ ಒಂದು ವಿನಂತಿ: ಈ ವರ್ಷ ನಿಮ್ಮ ಲ್ಯಾಬ್‌ನ ಒಂದು ಯಂತ್ರಕ್ಕೆ ಲಿನಕ್ಸ್ ಹಾಕಿ, ಒಂದು ಮುಕ್ತ ಆಟ ಇಡಿ, ಅದರ ಅನುವಾದದ ಕಡತವನ್ನು ಮಕ್ಕಳ ಮುಂದೆ ತೆರೆದು ಮೊದಲ ಸಾಲನ್ನು ಅವರಿಂದಲೇ ಕನ್ನಡದಲ್ಲಿ ಬರೆಸಿ.